ಬೇಲಿಯ ಹಣ್ಣೂ ಶಾಲೆಯ ಹಾಜರಿಯೂ

ಆಂಗ್ಲ ಪಾಠಪುಸ್ತಕಗಳನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ‘ಬ್ಲ್ಯಾಕ್‌ಬೆರಿ’ ಎಂಬ ಹೆಸರು ಪರಿಚಿತವಾದುದೇ. ಆದರೆ ಅದು ಎಂತಹ ಹಣ್ಣೆಂದು ಕೇಳಿದರೆ ಹಲವರು ನಮ್ಮ ನೇರಳೆಹಣ್ಣನ್ನೇ ತೋರಿಸುವರು. ಬಣ್ಣವೊಂದನ್ನು ಬಿಟ್ಟರೆ ಇವೆರಡಕ್ಕೂ ಹೋಲಿಕೆಯಿಲ್ಲ. ನೇರಳೆಯು ದೊಡ್ಡ ಮರದಲ್ಲಿ ಬಿಡುವ, ಒಳಗೆ ಒಂದೇ ಬೀಜವುಳ್ಳ ಹಣ್ಣು. ಬ್ಲ್ಯಾಕ್‌ಬೆರಿಯಾದರೋ ಗುಲಾಬಿಯ ಕುಲಕ್ಕೆ ಸೇರಿದ ಒಂದು ಮುಳ್ಳುಪೊದೆಯ ಫಲವು. ಸಣ್ಣ ಸಣ್ಣ ರಸದ ಮಣಿಗಳು ಹಲವು ಒಂದಕ್ಕೊಂದು ಅಂಟಿಕೊಂಡು ಒಂದು ಹಣ್ಣಾಗುವುದು. ಒಂದೊಂದು ಮಣಿಯಲ್ಲಿಯೂ ಒಂದೊಂದು ಚಿಕ್ಕ ಬೀಜವಿರುವುದು. ಇದರ ಕೊಂಬೆಯು ಮೊದಲನೆಯ ವರ್ಷ ಬೆಳೆದು, ಎರಡನೆಯ ವರ್ಷ ಹೂತು ಹಣ್ಣು ಕೊಟ್ಟು ಒಣಗಿಹೋಗುವುದು. ಬಾಗಿದ ಕೊಂಬೆಯ ತುದಿಯು ನೆಲವನ್ನು ಮುಟ್ಟಿದರೆ ಅಲ್ಲಿಯೇ ಬೇರುಬಿಟ್ಟು ಹೊಸ ಗಿಡವಾಗುವುದು. ಆದುದರಿಂದ ಇದನ್ನು ಯಾರೂ ಬಿತ್ತಬೇಕಾದುದಿಲ್ಲ.

ವಿಕ್ಟೋರಿಯಾ ರಾಣಿಯು ಆಳಿದ 1837 ರಿಂದ 1901 ರ ವರೆಗಿನ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಯ ಬಡವರಿಗೆ ಈ ಹಣ್ಣು ಏನಾಗಿತ್ತೆಂಬುದನ್ನು ನಾವು ಇಲ್ಲಿ ವಿಚಾರಿಸುವೆವು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹದಿನೆಂಟನೆಯ ಶತಮಾನದ ನಡುವಿನಿಂದ ಮುಂದಿನ ನೂರು ವರ್ಷಗಳಲ್ಲಿ ಪಾರ್ಲಿಮೆಂಟಿನ ಶಾಸನಗಳ ಮೂಲಕ ಊರೊಟ್ಟಿನ ಹುಲ್ಲುಗಾವಲುಗಳೂ ಬಯಲುಗಳೂ ಹಂಚಿಹೋಗಿ ಒಬ್ಬೊಬ್ಬರ ಸ್ವತ್ತಾದವು. ಬಡವನು ಹಸುವನ್ನು ಮೇಯಿಸಿ ಸೌದೆಯನ್ನು ಆಯುತ್ತಿದ್ದ ಸ್ಥಳಗಳ ಸುತ್ತಲೂ ಮುಳ್ಳುಬೇಲಿಗಳೆದ್ದವು. ಆ ಬೇಲಿಗಳ ಸಂದಿನಲ್ಲಿ ಹಕ್ಕಿಗಳು ತಂದುಹಾಕಿದ ಬೀಜಗಳಿಂದ ಬ್ಲ್ಯಾಕ್‌ಬೆರಿಯು ಹುಟ್ಟಿ ಹಬ್ಬಿತು. ಯಾವ ಬೇಲಿಯು ಬಡವನನ್ನು ನೆಲದಿಂದ ಹೊರಗಿಟ್ಟಿತೋ ಅದೇ ಬೇಲಿಯು ಅವನ ಮಕ್ಕಳಿಗೆ ಹಣ್ಣನ್ನು ಕೊಟ್ಟಿತು.

ಆ ಹಣ್ಣಿನ ಬೆಲೆಯನ್ನು ತಿಳಿಯಬೇಕಾದರೆ ಕೂಲಿಯವನ ಸಂಪಾದನೆಯನ್ನು ನೋಡಬೇಕು. 1876 ರಲ್ಲಿ ಆಕ್ಸ್‌ಫರ್ಡ್ ಪ್ರಾಂತದ ಜೂನಿಪರ್ ಹಿಲ್ ಎಂಬ ಚಿಕ್ಕ ಹಳ್ಳಿಯಲ್ಲಿ ಹುಟ್ಟಿದ ಫ್ಲೋರಾ ಥಾಮ್ಸನ್ ಎಂಬ ಲೇಖಕಿಯು ತನ್ನ ಬಾಲ್ಯದ ಊರನ್ನು ವರ್ಣಿಸುತ್ತ, ಹೊಲದ ಆಳಿಗೆ ವಾರಕ್ಕೆ 10 ಶಿಲಿಂಗ್ ಕೂಲಿಯಿತ್ತೆಂದು ಬರೆದಿರುವಳು. ಅಷ್ಟರಲ್ಲಿಯೇ ತುಂಬಿದ ಸಂಸಾರವು ಸಾಗಬೇಕಾಗಿತ್ತು. ರೊಟ್ಟಿ, ಆಲೂಗೆಡ್ಡೆ, ಸ್ವಲ್ಪ ಹಂದಿಯ ಮಾಂಸ ಇವೇ ನಿತ್ಯದ ಆಹಾರ. ಹೀಗಿರಲು ಆಗಸ್ಟ್ ತಿಂಗಳ ಕಡೆಯಿಂದ ಸೆಪ್ಟೆಂಬರ್ ಮುಗಿಯುವ ವರೆಗೆ ಕಾಸಿಲ್ಲದೆ ದೊರೆಯುವ ಹಣ್ಣನ್ನು ಯಾವ ತಾಯಿ ಬಿಟ್ಟಾಳು? ಸೇಬಿನೊಡನೆ ಅದನ್ನು ಹಿಟ್ಟಿನ ಹೊದಿಕೆಯಲ್ಲಿಟ್ಟು ಬೇಯಿಸುತ್ತಿದ್ದರು. 1874 ರಲ್ಲಿ ಸಕ್ಕರೆಯ ಮೇಲಿನ ಸುಂಕವು ರದ್ದಾಗಿ ಸಕ್ಕರೆಯು ಅಗ್ಗವಾದ ಮೇಲೆ ಬಡವರ ಮನೆಯಲ್ಲಿಯೂ ಜಾಮ್ ಕಾಯಿಸಿಡುವುದು ಸುಲಭವಾಯಿತು. ಬೆಣ್ಣೆಗೆ ಗತಿಯಿಲ್ಲದ ಮಗುವಿನ ರೊಟ್ಟಿಗೆ ಚಳಿಗಾಲದಲ್ಲಿ ಅದೇ ರುಚಿ. ಹಣ್ಣಿನ ರಸವನ್ನು ವಿನೆಗರಿನಲ್ಲಿ ಸೇರಿಸಿ ಸಕ್ಕರೆಯೊಡನೆ ಕಾಯಿಸಿಟ್ಟು ಕೆಮ್ಮು ನೆಗಡಿಗಳಿಗೆ ಕೊಡುತ್ತಿದ್ದರು. ಒಗರಾದ ಎಲೆಯ ಕಷಾಯವು ಭೇದಿಗೆ ಮನೆಮದ್ದಾಗಿತ್ತು. ಉದ್ದವಾದ ಕೊಂಬೆಗಳ ಮುಳ್ಳು ತೆಗೆದು, ಸೀಳಿ, ಹುಲ್ಲಿನ ಜೇನುಗೂಡುಗಳನ್ನು ಹೆಣೆಯುವುದಕ್ಕೆ ದಾರವಾಗಿ ಬಳಸುತ್ತಿದ್ದರು. ಮಿಕ್ಕ ಹಣ್ಣನ್ನು ಮಾರಿದರೆ ನಾಲ್ಕು ಕಾಸು ಕೈಸೇರುತ್ತಿತ್ತು.

ಈ ಸುಗ್ಗಿಗೆ ಒಂದು ಕಟ್ಟಳೆಯೂ ಇತ್ತು. ಪ್ರಧಾನ ದೂತನಾದ ಮಿಕಾಯೇಲನ ಹಬ್ಬವು ಸೆಪ್ಟೆಂಬರ್ 29 ರಂದು ಬರುವುದು. ಸ್ವರ್ಗದಿಂದ ತಳ್ಳಲ್ಪಟ್ಟ ಸೈತಾನನು ಈ ಮುಳ್ಳುಪೊದೆಯ ಮೇಲೆ ಬಿದ್ದು, ಅಂದಿನಿಂದ ಪ್ರತಿವರ್ಷವೂ ಆ ದಿನ ಹಣ್ಣಿನ ಮೇಲೆ ಉಗುಳುವನೆಂದೂ, ಆಮೇಲೆ ಅದನ್ನು ತಿನ್ನಬಾರದೆಂದೂ ಹಳ್ಳಿಗರು ಹೇಳುತ್ತಿದ್ದರು. ಹಳೆಯ ಪಂಚಾಂಗವನ್ನು ಹಿಡಿದವರು ಅಕ್ಟೋಬರ್ 10 ಅಥವಾ 11 ರ ವರೆಗೆ ಆಯುತ್ತಿದ್ದರು. ಸತ್ಯವೇದದಲ್ಲಿ ಈ ಕಥೆಯಿಲ್ಲ. ಆದರೂ ಮಾತಿನೊಳಗೆ ಅನುಭವವು ಅಡಗಿತ್ತು. ಆ ಹೊತ್ತಿಗೆ ಮಳೆಯಿಂದಲೂ ಚಳಿಯಿಂದಲೂ ಹಣ್ಣು ನೀರಾಗಿ, ಬೂಷ್ಟು ಹಿಡಿದು, ನೊಣಗಳಿಂದ ಕೆಡುವುದು ನಿಜವೇ.

ಈಗ ನಮ್ಮ ಶಾಲೆಯವರ ಮನಸ್ಸಿಗೆ ನಾಟುವ ಸಂಗತಿಗೆ ಬರುವೆವು. 1862 ರಿಂದ ಸರಕಾರದ ಸಹಾಯಧನ ಪಡೆಯುವ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು ದಿನಚರಿಯನ್ನು ಬರೆದಿಡಬೇಕೆಂದು ನಿಯಮವಾಯಿತು. ಅನೇಕ ಹಳ್ಳಿಗಳ ದಿನಚರಿಗಳಲ್ಲಿ ಸೆಪ್ಟೆಂಬರ್ ತಿಂಗಳು ಬಂದೊಡನೆ ಒಂದೇ ದೂರು ಕಾಣುವುದು: ಮಕ್ಕಳು ಬ್ಲ್ಯಾಕ್‌ಬೆರಿ ಆಯಲು ಹೋಗಿರುವರು, ಹಾಜರಿಯು ಕಡಿಮೆ. ಉಪಾಧ್ಯಾಯರ ಸಂಕಟಕ್ಕೆ ಕಾರಣವಿತ್ತು. ಅದೇ ನಿಯಮದಂತೆ ಶಾಲೆಗೆ ಸರಾಸರಿ ಹಾಜರಿಯ ಮೇಲೆ ತಲೆಗೆ 4 ಶಿಲಿಂಗ್ ದೊರೆಯುತ್ತಿತ್ತು. ಸಾಕಷ್ಟು ದಿನ ಹಾಜರಾದ ಮಗುವಿಗೆ ಓದು, ಬರಹ, ಲೆಕ್ಕಗಳ ಪರೀಕ್ಷೆಯ ಮೇಲೆ ಮತ್ತೆ 8 ಶಿಲಿಂಗ್ ಸಿಕ್ಕುತ್ತಿತ್ತು. ತಪ್ಪಿದ ಒಂದೊಂದು ವಿಷಯಕ್ಕೂ 2 ಶಿಲಿಂಗ್ 8 ಪೆನ್ಸ್ ಕಡಿತ. ಬೇಲಿಗೆ ಹೋದ ಮಗುವು ಮನೆಗೆ ಆಹಾರವನ್ನು ತರುತ್ತಿತ್ತು. ಅದೇ ಮಗುವು ಶಾಲೆಗೆ ನಷ್ಟವನ್ನುಂಟುಮಾಡುತ್ತಿತ್ತು.

ಬರ್ಕೆಟ್ ಫಾಸ್ಟರ್ ಎಂಬ ಚಿತ್ರಕಾರನು ಹಣ್ಣು ಆಯುವ ಮಕ್ಕಳನ್ನು ಬಹು ಅಂದವಾಗಿ ಚಿತ್ರಿಸಿದನು. ಆದರೆ ಗೀಚಿದ ಮೊಣಕೈ, ಹರಿದ ಲಂಗ, ಒಂದು ಕೈಯಲ್ಲಿ ತಮ್ಮನನ್ನೂ ಇನ್ನೊಂದು ಕೈಯಲ್ಲಿ ಬುಟ್ಟಿಯನ್ನೂ ಹಿಡಿದ ಹಿರಿಯ ಹುಡುಗಿಯ ಆಯಾಸ, ಇವು ಆ ಅಂದದ ಹಿಂದಿದ್ದವು. ದಿನಚರಿಯಲ್ಲಿ ಅವಳು ಗೈರುಹಾಜರಿ. ಮನೆಯಲ್ಲಿ ಅವಳು ತಾಯಿಯ ಬಲಗೈ. ಇಬ್ಬರಲ್ಲಿ ತಪ್ಪು ಯಾರದು? ಓದನ್ನು ಬಯಸಿದ ಉಪಾಧ್ಯಾಯನದೂ ಅಲ್ಲ, ಮಕ್ಕಳ ಹೊಟ್ಟೆಯನ್ನು ನೋಡಿದ ತಾಯಿಯದೂ ಅಲ್ಲ.

ಈ ಗಂಟು ಒಮ್ಮೆಗೇ ಬಿಡಲಿಲ್ಲ. 1880 ರ ಶಾಸನವು ಹತ್ತು ವರ್ಷದ ವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯ ಮಾಡಿತು. ಆದರೂ ವಾರವಾರವೂ ಶುಲ್ಕಕ್ಕಾಗಿ ಕಾಸು ತೆರಬೇಕಾಗಿದ್ದ ಬಡವರಿಗೆ ಬರಿಯ ಕಡ್ಡಾಯದಿಂದ ಏನು ಸಹಾಯ? 1891 ರ ಶಾಸನದಿಂದ ಪ್ರಾಥಮಿಕ ಶಾಲೆಗಳಲ್ಲಿ ಬಹುಮಟ್ಟಿಗೆ ಶುಲ್ಕವು ಹೋಯಿತು. ಕೆಲವು ಊರುಗಳಲ್ಲಿ ಶಾಲೆಯವರೇ ವಿವೇಕದಿಂದ ಹಣ್ಣಿನ ಕಾಲಕ್ಕೆ ರಜೆಯನ್ನು ಹೊಂದಿಸಿಕೊಂಡರು. ಕಾಲದ ವಿಚಿತ್ರವನ್ನು ನೋಡಿರಿ: ಮೊದಲನೆಯ ಮಹಾಯುದ್ಧದ 1918 ನೆಯ ವರ್ಷದಲ್ಲಿ ಸೈನಿಕರ ಜಾಮಿಗಾಗಿ ಬ್ಲ್ಯಾಕ್‌ಬೆರಿ ಬೇಕಾದಾಗ ಸರಕಾರವೇ ಶಾಲೆಯ ಮಕ್ಕಳನ್ನು ಬೇಲಿಗಳಿಗೆ ಕಳುಹಿಸಿತು. ಹಿಂದೆ ತಪ್ಪೆಂದು ಬರೆದುದು ಆಗ ದೇಶಸೇವೆಯೆನಿಸಿತು. ಹಣ್ಣೂ ಅದೇ, ಮುಳ್ಳೂ ಅದೇ, ಮಕ್ಕಳ ಶ್ರಮವೂ ಅದೇ. ನೋಡುವವರ ಕಣ್ಣು ಮಾತ್ರ ಬೇರೆಯಾಗಿತ್ತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ಉಪಾಧ್ಯಾಯಿನಿಯರಾಗಿರುವರು, ಎಷ್ಟೋ ಮಂದಿ ತಾಯಂದಿರಾಗಿರುವರು. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗುರುತಿಲ್ಲದ ದಿನ, ಆ ಹುಡುಗಿಯನ್ನು ಗದರಿಸುವ ಮುಂಚೆ ಅವಳು ಎಲ್ಲಿದ್ದಳು, ಯಾರಿಗಾಗಿ ದುಡಿದಳು ಎಂದು ಕೇಳುವುದು ಉಪಾಧ್ಯಾಯಿನಿಯ ಧರ್ಮವು. ಮನೆಯ ಬುಟ್ಟಿಯು ಎಷ್ಟೇ ಬರಿದಾಗಿದ್ದರೂ ಮಗಳ ಪುಸ್ತಕವನ್ನು ಮುಚ್ಚಿಸದಿರುವುದು ತಾಯಿತಂದೆಗಳ ಧರ್ಮವು. ಬೇಲಿಯ ಹಣ್ಣು ಒಂದು ತಿಂಗಳು ಮಾತ್ರ ಇರುವುದು. ಕಲಿತ ಅಕ್ಷರವು ಬಾಳೆಲ್ಲ ಇರುವುದು. ಈ ಎರಡನ್ನೂ ಒಂದೇ ಮಗುವಿನ ಕೈಗೆ ಹೇಗೆ ಸೇರಿಸಬೇಕೆಂಬುದೇ ಮನೆ ಶಾಲೆಗಳೆರಡೂ ಕೂಡಿ ಬಿಡಿಸಬೇಕಾದ ಲೆಕ್ಕವಾಗಿರುವುದು.