ಹಳೇ ಎಸ್‌ಯುವಿ ಕೊಳ್ಳುವ ಮುನ್ನ ಒಂದು ಗೇರ್‌ಬಾಕ್ಸ್ ಪಾಠ



ಜಪಾನಿಗೆ ಹೊಸದಾಗಿ ಬಂದ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: "ಸೆಕೆಂಡ್ ಹ್ಯಾಂಡ್ ಸಣ್ಣ ಎಸ್‌ಯುವಿ ತಗೋಬೇಕು ಅಂತಿದ್ದೀವಿ, ಯಾವುದು ಒಳ್ಳೇದು?" ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ವಾಸ ಹಿರೋಷಿಮಾ, ಅಂದರೆ ಮಜ್ದಾ ಕಂಪನಿಯ ತವರು (1920ರಲ್ಲಿ ಅದು ಶುರುವಾದದ್ದು ಬಿರಡೆ ಮಾಡುವ ಬೆಂಡಿನ ಕಾರ್ಖಾನೆಯಾಗಿ!). ಹಾಗಾಗಿ ಇಲ್ಲಿ ಕಾರಿನ ಮಾತಿಗೆ ಬರವಿಲ್ಲ.

ಹೆಚ್ಚಿನವರು ಎರಡು ಮಾತು ಕೇಳಿ ಧೈರ್ಯ ಮಾಡಿಬಿಡುತ್ತಾರೆ. ಒಂದು, "ಶೂಫುಕುರೆಕಿ ನಾಶಿ". ಅದರ ಅರ್ಥ ಕಾರಿನ ಅಸ್ಥಿಪಂಜರಕ್ಕೆ ಪೆಟ್ಟಾಗಿ ರಿಪೇರಿ ಆಗಿಲ್ಲ ಅಂತ, ಅಷ್ಟೇ. ಇನ್ನೊಂದು, "ಶಾಕೆನ್ ಎರಡು ವರ್ಷ ಇದೆ". ಶಾಕೆನ್‌ನಲ್ಲಿ ಬ್ರೇಕು, ದೀಪ, ಹೊಗೆ, ಚಕ್ರದ ನೇರ ಇಂಥವನ್ನು ನೋಡುತ್ತಾರೆ. ಗೇರ್‌ಬಾಕ್ಸ್ ಒಳಗೆ ಎಷ್ಟು ಸವೆದಿದೆ ಎಂದು ಎರಡೂ ಹೇಳುವುದಿಲ್ಲ. ಆದರೆ ಕೆಟ್ಟರೆ ಹಳೇ ಕಾರಿನ ಅರ್ಧ ಬೆಲೆಯನ್ನೇ ನುಂಗಬಲ್ಲದ್ದು ಅದೇ. ಹಿಂದಿನ ಸೀಟಿನಲ್ಲಿ ಮಕ್ಕಳಿರುವಾಗ ಏರಿನ ಮಧ್ಯೆ ಕೈಕೊಟ್ಟರಂತೂ ಖರ್ಚಿನ ಮಾತು ಆಮೇಲಿನದು.

ಈಗ ಬಗೆಗಳಿಗೆ ಬರೋಣ. ಊರಿನಲ್ಲಿ ಕೈನೆಟಿಕ್ ಹೋಂಡಾ ಓಡಿಸಿದವರಿಗೆ ಸಿವಿಟಿ ಗೊತ್ತೇ ಇದೆ! ಗೇರಿಲ್ಲ, ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಸ್ಕೂಟರಿನಲ್ಲಿ ಅದು ರಬ್ಬರಿನದು, ಕಾರಿನಲ್ಲಿ ಉಕ್ಕಿನದು. ನಿಸ್ಸಾನ್ ಜೂಕ್, ಮೊದಲ ತಲೆಮಾರಿನ ಹೋಂಡಾ ವೆಝೆಲ್ ಪೆಟ್ರೋಲ್, ಟೊಯೋಟಾ ರೈಜ್ ಪೆಟ್ರೋಲ್ ಇವೆಲ್ಲ ಈ ಜಾತಿ. ಬೆಲ್ಟು ಜಾರದಂತೆ ಹಿಡಿದಿಡುವುದು ಎಣ್ಣೆಯ ಒತ್ತಡ. ಎಣ್ಣೆ ಹಳತಾದರೆ ಹಿಡಿತ ಸಡಿಲ. ನಿಧಾನ ವೇಗದಲ್ಲಿ ಗಡಗಡ ನಡುಕ, ಇಲ್ಲವೇ ಕುಂಯ್ ಎನ್ನುವ ಸದ್ದು. ಗುಡ್ಡದ ಮೇಲಿನ ಬಡಾವಣೆಗಳೇ ತುಂಬಿದ ಹಿರೋಷಿಮಾದಂಥ ಊರಿನಲ್ಲಿ ಏರು ಹತ್ತಿ ಹತ್ತಿ ಎಣ್ಣೆ ಬೇಗ ಕಾಯುತ್ತದೆ. ಸಿವಿಟಿಗೆ ಅದರದೇ ಎಣ್ಣೆ ಹಾಕಬೇಕು, ಮಾಮೂಲಿ ಆಟೊಮ್ಯಾಟಿಕ್ ಎಣ್ಣೆ ಸಲ್ಲದು.

ಎರಡನೆಯದು ಡಿಸಿಟಿ, ಎರಡು ಕ್ಲಚ್ಚಿನದು. ಮೊದಲ ತಲೆಮಾರಿನ ವೆಝೆಲ್ ಹೈಬ್ರಿಡ್‌ನಲ್ಲಿ ಏಳು ಗೇರಿನ ಡಿಸಿಟಿ ಇತ್ತು. 2014ರಲ್ಲಿ ಫಿಟ್ ಹೈಬ್ರಿಡ್ ಜೊತೆ ಇದನ್ನೂ ರೀಕಾಲ್ ಮಾಡಿದರು. ತೊಂದರೆ ಇದ್ದದ್ದು ಗೇರ್‌ಬಾಕ್ಸ್ ನಿಯಂತ್ರಿಸುವ ಪ್ರೋಗ್ರಾಮಿನಲ್ಲಿ (ನಮ್ಮ ಕಸುಬಿನವರೇ ಕಾರಣ ನೋಡಿ!). ಅಂಥ ಕಾರು ನೋಡುತ್ತಿದ್ದರೆ ಶಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಕೆಲಸ ಮುಗಿದಿದೆಯೇ ಪರೀಕ್ಷಿಸಿ. ಟ್ರಾಮಿನ ಹಿಂದೆ ತೆವಳುತ್ತಾ ಹೋಗುವುದು ಈ ಬಗೆಗೆ ಒಗ್ಗುವುದಿಲ್ಲ.

ಮೂರನೆಯದು ಹಳೇ ಕಾಲದ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ಮಜ್ದಾದ ಸಿಎಕ್ಸ್-3, ಸಿಎಕ್ಸ್-30, ಸಿಎಕ್ಸ್-5 ಮೂರರಲ್ಲೂ ಆರು ಗೇರಿನದು ಇದೇ. ನನ್ನ ಒಲವು ಇದರ ಕಡೆಗೆ (ಊರಿನ ಅಭಿಮಾನ ಅನ್ನಿ ಬೇಕಾದರೆ). ಆದರೆ ಡೀಸೆಲ್ ಮಾದರಿ ಆದರೆ ಗೇರ್‌ಬಾಕ್ಸ್ ಗಟ್ಟಿಯಿದ್ದರೂ ಇಂಜಿನ್ನಿನಲ್ಲಿ ಮಸಿ ಕಟ್ಟುವ ಕಾಟ ಇದೆ. ಮಕ್ಕಳ ಶಾಲೆ, ಸೂಪರ್ ಮಾರ್ಕೆಟ್ ಅಷ್ಟೇ ಓಡಾಟ ಎನ್ನುವವರು ಪೆಟ್ರೋಲ್ ತೆಗೆದುಕೊಳ್ಳಿ.

ಟೊಯೋಟಾ ಸಿ-ಎಚ್‌ಆರ್ ಹೈಬ್ರಿಡ್‌ನಲ್ಲಿ ಬೆಲ್ಟೂ ಇಲ್ಲ, ಗೇರ್ ಬದಲಿಸುವ ಕ್ಲಚ್ಚೂ ಇಲ್ಲ. ಅಲ್ಲಿ ನೋಡಬೇಕಾದ್ದು ಬ್ಯಾಟರಿಗೆ ಗಾಳಿ ಹೋಗುವ ದಾರಿ ಧೂಳು ತುಂಬಿ ಮುಚ್ಚಿದೆಯೇ ಎಂದು.

ಟೆಸ್ಟ್ ಡ್ರೈವ್‌ಗೆ ಹೋಗುವ ದಿನ ಇಂಜಿನ್ ಮೊದಲೇ ಬಿಸಿ ಮಾಡಿಡಬೇಡಿ ಎಂದು ತಿಳಿಸಿ. ತಣ್ಣಗಿರುವಾಗ ಬ್ರೇಕ್ ಒತ್ತಿ ಹಿಡಿದು ಆರ್‌ಗೆ, ಆಮೇಲೆ ಡಿಗೆ ಹಾಕಿ. ತಡವಾಗಿ ಹಿಡಿದರೆ, ಧಡ್ ಎಂದು ಬಡಿದರೆ ಬೇರೆ ಕಾರು ನೋಡಿ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಬಿಸಿಯಾದ ಮೇಲೆ ಒಂದು ಏರು ನಿಧಾನವಾಗಿ ಹತ್ತಿಸಿ. ಇಂಜಿನ್ ಕೂಗುತ್ತಿದ್ದರೂ ಕಾರು ಮುಂದೆ ಹೋಗದಿದ್ದರೆ ಒಳಗೆ ಏನೋ ಜಾರುತ್ತಿದೆ. ಸೀಟ್ ಕೆಳಗಿನ ಬೋಲ್ಟುಗಳನ್ನೂ ಬಗ್ಗಿ ನೋಡಿ. ತುಕ್ಕು, ಕೆಸರು ಇದ್ದರೆ ನೆರೆಯಲ್ಲಿ ಮುಳುಗಿದ ಕಾರಿರಬಹುದು. 2018ರ ಜುಲೈ ಮಳೆ ಈ ಭಾಗದ ಜನಕ್ಕೆ ಮರೆತಿಲ್ಲ.

ಕಿಲೋಮೀಟರ್ ಕಡಿಮೆ ಎಂದು ಹಿಗ್ಗುವ ಬದಲು ಸರ್ವಿಸ್ ದಾಖಲೆಯ ಪುಸ್ತಕ, "ಕಿರೊಕುಬೊ", ಕೇಳಿ. ಎಂಬತ್ತು ಸಾವಿರ ಓಡಿ ಎರಡು ಸಲ ಗೇರ್‌ಬಾಕ್ಸ್ ಎಣ್ಣೆ ಬದಲಾಗಿದ್ದರೆ, ನಲವತ್ತು ಸಾವಿರ ಓಡಿ ದಾಖಲೆಯೇ ಇಲ್ಲದ್ದಕ್ಕಿಂತ ನಾನು ಅದನ್ನೇ ಕೊಳ್ಳುವೆ. ಬಹಳ ಓಡಿದ ಗಾಡಿಗೆ ಮೊದಲ ಸಲ ಎಣ್ಣೆ ಬದಲಿಸಲು ಕೆಲವು ಗ್ಯಾರೇಜಿನವರು ಒಪ್ಪುವುದಿಲ್ಲ. ತಳದ ಕೊಳೆ ಎದ್ದು ಕವಾಟಗಳಲ್ಲಿ ಸಿಕ್ಕಿಕೊಳ್ಳುವ ಭಯ ಅವರಿಗೆ.

ಸಹಿ ಹಾಕುವ ಮುಂಚೆ ಕೇಳಬೇಕಾದ ಜಪಾನಿ ಪ್ರಶ್ನೆ: "ಮಿಷನ್ ವಾ ಹೋಶೋ ನಿ ಹಾಯಿತ್ತೆ ಇಮಾಸು ಕಾ?" ಗೇರ್‌ಬಾಕ್ಸ್ ವಾರಂಟಿಯಲ್ಲಿ ಸೇರಿದೆಯಾ ಅಂತ. ಉತ್ತರದಲ್ಲಿ "ಗೆಂಜೋ ವಾತಾಶಿ" ಎಂಬ ಪದ ಕೇಳಿಬಂದರೆ, ಇದ್ದ ಹಾಗೆ ಕೊಡುತ್ತೇವೆ, ಮುಂದಿನದು ನಿಮ್ಮ ಪಾಡು ಎಂದರ್ಥ.