ಹಗಲು ಏಕೆ ಹೆಚ್ಚು ಕಡಿಮೆಯಾಗುತ್ತದೆ?



ಆಷಾಢದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿಗೆ ಹಾಕಿದ ನಾಟಿ ಅವರೆ, ರಾಗಿ ಕೊಯ್ಲಿನ ಹೊತ್ತಿಗೆ ಹೂವಾಗಿ ಸಂಕ್ರಾಂತಿಯ ಸುಮಾರಿಗೆ ಕಾಯಿ ಕೊಡುತ್ತದೆ. ಅದೇ ಬೀಜವನ್ನು ಯುಗಾದಿಯಲ್ಲಿ ಬಿತ್ತಿ ನೀರು ಗೊಬ್ಬರ ಎಷ್ಟು ಕೊಟ್ಟರೂ ಬಳ್ಳಿ ಹಬ್ಬುತ್ತದೆಯೇ ಹೊರತು ಹೂ ಕಟ್ಟುವುದಿಲ್ಲ. ಇದು ಮಣ್ಣಿನ ದೋಷವಲ್ಲ, ಬೀಜದ ದೋಷವೂ ಅಲ್ಲ. ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವುದು ನಾಟಿ ಅವರೆಯ ಗುಣ. ಹಾಗಾದರೆ ಹಗಲು ಕುಗ್ಗುವುದೇಕೆ, ಬೆಳೆಯುವುದೇಕೆ?

ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿಯ ಮೊದಲ ವಾರದಲ್ಲಿ, ನಮಗೆ ಚಳಿಯಿರುವಾಗ. ನಿಜವಾದ ಕಾರಣ ಭೂಮಿಯ ಓರೆ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಕತ್ತಲೆ ಕೋಣೆಯ ನಡುವೆ ದೀಪವಿಡಿ. ಒಂದು ಕಿತ್ತಳೆಗೆ ಕಡ್ಡಿ ಚುಚ್ಚಿ, ನಡುವಿಗಿಂತ ತುಸು ಮೇಲೆ ಸುತ್ತಲೂ ಮಸಿಯ ಗೆರೆ ಎಳೆಯಿರಿ. ಅದೇ ನಮ್ಮ ಊರು. ಕಡ್ಡಿಯನ್ನು ಓರೆಯಾಗಿ ಹಿಡಿದು, ಅದರ ತುದಿ ಸದಾ ಒಂದೇ ಗೋಡೆಯ ಕಡೆಗಿರುವಂತೆ ದೀಪದ ಸುತ್ತ ನಡೆಯಿರಿ. ತುದಿ ದೀಪದತ್ತ ವಾಲಿದಾಗ ಗೆರೆಯ ಹೆಚ್ಚು ಪಾಲು ಬೆಳಕಿನಲ್ಲಿರುತ್ತದೆ; ಅದು ಜೂನ್. ಎದುರು ಬದಿಗೆ ಹೋದಾಗ ಕತ್ತಲ ಪಾಲು ಹೆಚ್ಚು, ಅದು ಡಿಸೆಂಬರ್. ಎರಡರ ನಡುವೆ, ಮಾರ್ಚ್ ಮತ್ತು ಸೆಪ್ಟೆಂಬರಿನ ಮೂರನೆಯ ನಾಲ್ಕನೆಯ ವಾರದಲ್ಲಿ, ಹಗಲು ರಾತ್ರಿ ಹೆಚ್ಚುಕಡಿಮೆ ಸರಿಸಮ.

ಬೆಂಗಳೂರಿನ ಸುತ್ತ ಜೂನ್ 21ರ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ. ಡಿಸೆಂಬರ್ 22ರ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದ ಆಸುಪಾಸು. ವ್ಯತ್ಯಾಸ ಒಂದೂವರೆ ಗಂಟೆ. ಉತ್ತರಕ್ಕೆ ಹೋದಷ್ಟೂ ಇದು ಹೆಚ್ಚುತ್ತದೆ. ದೆಹಲಿಯಲ್ಲಿ ಜೂನ್ ಹಗಲು ಸುಮಾರು ಹದಿನಾಲ್ಕು ಗಂಟೆ, ಡಿಸೆಂಬರಿನಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷ.

ಸೂರ್ಯನ ಈ ಓಡಾಟವನ್ನು ನೆರಳಿನಲ್ಲಿ ಕಾಣಬಹುದು. ವಸಂತಪುರದಲ್ಲಿ ವಸಂತ ವಲ್ಲಭರಾಯ ಸ್ವಾಮಿಯ ಗುಡ್ಡದ ಸುತ್ತ ಈಗ ಹೊಲಗಳಿಗಿಂತ ಮನೆಗಳೇ ಹೆಚ್ಚು. ಆದರೂ ಒಂದು ಕೋಲು ನೆಡಲು ಅಂಗಳ ಸಾಕು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನಲ್ಲಿ ನೆಟ್ಟಗಿನ ಕೋಲಿಗೆ ನೆರಳೇ ಇರದು. ಈ ಎರಡು ದಿನಗಳ ನಡುವೆ ನಡುಹಗಲ ನೆರಳು ತೆಂಕಣಕ್ಕೆ, ಉಳಿದ ಕಾಲದಲ್ಲಿ ಬಡಗಣಕ್ಕೆ ಬೀಳುತ್ತದೆ.

ಇನ್ನೊಂದು ಮಾತು. ಹಗಲು ಬೆಳೆಯಲು ತೊಡಗುವುದು ಸಂಕ್ರಾಂತಿಯಿಂದಲ್ಲ, ಅದಕ್ಕೆ ಮೂರು ವಾರ ಮೊದಲೇ. ಜನವರಿಯಲ್ಲಿ ಹೊತ್ತು ಮೂಡುವುದು ಇನ್ನೂ ತಡವಾಗುತ್ತಿದ್ದರೂ ಸಂಜೆ ಅದಕ್ಕಿಂತ ಬೇಗ ಉದ್ದವಾಗುತ್ತಿರುತ್ತದೆ.

ಈಗ ಅವರೆಗೆ ಬರೋಣ. ನಾಟಿ ತಳಿಯನ್ನು ಅದರ ಕಾಲಕ್ಕೇ ಬಿತ್ತಿ. ಬೇರೆ ಕಾಲದಲ್ಲಿ ಕಾಯಿ ಬೇಕಾದರೆ, ಹಗಲಿನ ಅಳತೆಗೆ ಕಾಯದ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದಿದೆ. ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಅಂಥವು. ಬೀಜ ಕೊಳ್ಳುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ತಳಿಯ ಹೆಸರು, ಬಿತ್ತುವ ಕಾಲ ಎರಡನ್ನೂ ಕೇಳಿ ತಿಳಿಯಿರಿ. ಒಂದು ಪ್ರಶ್ನೆ ಕೇಳಿದರೆ ಒಂದು ಬೆಳೆ ಉಳಿದೀತು.