ನಿಂತ ಕಾರಿಗೂ ಬಾಡಿಗೆ

ಇಟಗಿಯ ಭೀಮಾಂಬಿಕೆ, ನಮ್ಮ ಬಾಯಲ್ಲಿ ಭೀಮವ್ವ, ಅವಳ ಜಾತ್ರೆಯ ಗದ್ದಲ ಅವ್ವನಿಗೆ ಆಗುವುದಿಲ್ಲ. ಜನ ಕಡಿಮೆ ಇದ್ದಾಗ ಒಮ್ಮೆ ಇಟಗಿಗೆ ಹೋಗಿ ಬರೋಣ ಎಂದು ವರ್ಷದಿಂದ ಹೇಳುತ್ತಿದ್ದಳು. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಹೊರಟೆವು. ಅಗ್ಗದ ಟಿಕೆಟ್ ಹಿಂದೆ ಬರುವ ಖರ್ಚನ್ನೂ ನೋಡಿ ಎಂದು ಊರಿಗೆಲ್ಲ ಹೇಳುವವನು ನಾನು. ನನಗೆ ಹೇಳುವವರು ಯಾರೂ ಇರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಿಗೇ ಸೆಲ್ಫ್ ಡ್ರೈವ್ ಕಾರು ಬಂದು ನಿಂತಿತ್ತು. 24 ತಾಸಿಗೆ 2,400 ರೂಪಾಯಿ, 300 ಕಿಲೋಮೀಟರ್ ಮಿತಿ, ದಾಟಿದರೆ ಕಿಲೋಮೀಟರಿಗೆ 10. ಬಾಗಿಲಿಗೆ ತಂದುಕೊಟ್ಟದ್ದಕ್ಕೆ 500, ಠೇವಣಿ 5,000. ನಿಲ್ದಾಣ ಇರುವುದು ಗೋಕುಲ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಊರೊಳಗೆ ಆಟೋದಲ್ಲಿ ಹೋಗಿ ಕಾರು ತೆಗೆದುಕೊಂಡಿದ್ದರೆ ಆ 500ರಲ್ಲಿ ಹೆಚ್ಚಿನ ಪಾಲು ಉಳಿಯುತ್ತಿತ್ತು. ಒಂದನ್ನು ಮಾತ್ರ ಸರಿಯಾಗಿ ನೋಡಿದ್ದೆ: ನಂಬರ್ ಪ್ಲೇಟು. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಅದು ಸ್ವಂತ ಚಾಲನೆಗೆ ಬಾಡಿಗೆ ಕೊಡಲು ಪರವಾನಗಿ ಪಡೆದ ಕಾರು. ಬಿಳಿ ಹಲಗೆಯ ಕಾರನ್ನು ಪರಿಚಯದವರು ಕಡಿಮೆಗೆ ಕೊಡುತ್ತಾರೆ. ಅಪಘಾತವಾದರೆ ಮಾತ್ರ, ಖಾಸಗಿ ಗಾಡಿಯನ್ನು ಬಾಡಿಗೆಗೆ ಬಿಟ್ಟಿದ್ದೀರಿ ಎಂದು ವಿಮೆಯವರು ಕೈ ಎತ್ತಬಹುದು.

ಗದಗ ದಾಟಿ, ಲಕ್ಕುಂಡಿ ದಾಟಿ, ಫೋನಿನ ನಕ್ಷೆ ಹೇಳಿದಂತೆ ಬನ್ನಿಕೊಪ್ಪದಲ್ಲಿ ಎಡಕ್ಕೆ ಹೊರಳಿದೆ. ಬಂದದ್ದು ಇಟಗಿಯೇ, ಆದರೆ ಕೊಪ್ಪಳ ಜಿಲ್ಲೆಯ ಇಟಗಿ! 1112ರಲ್ಲಿ ಚಾಲುಕ್ಯರ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ಗುಡಿ ಎದುರಿಗಿತ್ತು. ಅವ್ವ ಕೈ ಮುಗಿದು, ಸುತ್ತ ನೋಡಿ, “ಗುಡಿ ಚೊಲೋ ಐತಿ ಖರೆ. ನಮ್ಮ ಭೀಮವ್ವ ಎಲ್ಲದಾಳೋ ತಮ್ಮಾ?” ಎಂದಳು.

ನಮ್ಮ ಭೀಮವ್ವ ಇದ್ದದ್ದು ರೋಣದ ಕಡೆಯ ಇನ್ನೊಂದು ಇಟಗಿಯಲ್ಲಿ. ಕುಕನೂರು, ನರೇಗಲ್ಲ ಹಾದು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ. ಸಂಜೆ ಸೂಡಿಗೆ ಹೋಗಿ ಜೋಡುಕಳಸದ ಗುಡಿ, ನಾಗಕುಂಡ ನೋಡಿದೆವು. ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆ ಇತ್ತು. ನಾಣ್ಯ ಅಚ್ಚುಹಾಕುತ್ತಿದ್ದ ಊರಿನಲ್ಲಿ ನಿಂತು ನಾನು ಕಿಲೋಮೀಟರ್ ಎಣಿಸುತ್ತಿದ್ದೆ. ಅಲ್ಲಿಂದ ಗಜೇಂದ್ರಗಡ, ಗುಡ್ಡದ ಮೈಗೆ ಅಂಟಿಕೊಂಡ ಕಾಲಕಾಲೇಶ್ವರ. ರಾತ್ರಿ ಇಟಗಿಯಲ್ಲೇ ಸೋದರಮಾವನ ಮನೆ.

ಕಾರು ಅಂಗಳದಲ್ಲಿ ಹನ್ನೊಂದು ತಾಸು ನಿಂತಿತು. ಬೆಳಿಗ್ಗೆ ಲೆಕ್ಕ ಹೇಳಿದಾಗ ಅವ್ವ, “ಕಟ್ಟಿ ಹಾಕಿದ ಎತ್ತಿಗೂ ಮೇವು ಹಾಕಬೇಕಲ್ಲೋ, ಹಂಗಾತು ನಿನ್ನ ಕಾರು” ಎಂದಳು. ಎತ್ತು ಸಗಣಿಯನ್ನಾದರೂ ಕೊಡುತ್ತದೆ.

ಅದರ ಮೇಲೆ ರಾತ್ರಿ ಮಳೆ. ಎರಿಮಣ್ಣು ಗಾಲಿಗೆ ಹತ್ತಿದರೆ ಬಿಡುವುದಿಲ್ಲ. ಹುಬ್ಬಳ್ಳಿಯಲ್ಲಿ ಕಾರು ಒಪ್ಪಿಸುವಾಗ ಮೀಟರಿನಲ್ಲಿ 347 ಕಿಲೋಮೀಟರ್. ಹೆಚ್ಚುವರಿ 470, ಅಂದರೆ ತಪ್ಪಿದ ಇಟಗಿಯ ಬೆಲೆ. ತೊಳೆಯಲು 600. ಪೆಟ್ರೋಲ್ ಸುಮಾರು 2,200. ಟೋಲ್ ಬಿಟ್ಟು ಒಟ್ಟು 6,170. ಠೇವಣಿ ಖಾತೆಗೆ ಮರಳಿದ್ದು ಒಂಬತ್ತನೆಯ ದಿನ.

ಮುಂದಿನ ಸಲ ಹುಬ್ಬಳ್ಳಿಯಿಂದ ಸಾರಿಗೆ ಬಸ್ಸು ಹಿಡಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಅವ್ವ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದು, ನನ್ನ ಟಿಕೆಟ್ಟಿನ ದರವನ್ನು ಎರಡು ಸಲ ಕೇಳಿದಳು. ಗಜೇಂದ್ರಗಡದಲ್ಲಿ ಅರ್ಧ ದಿನಕ್ಕೆ ಚಾಲಕನ ಸಮೇತ ಕಾರು, 1,800. ಬಸ್ ಖರ್ಚೂ ಸೇರಿ 2,300 ದಾಟಲಿಲ್ಲ. ಚಾಲಕ ಅದೇ ಸೀಮೆಯವನು, ಇಟಗಿ ಯಾವುದೆಂದು ಕೇಳಲೇ ಇಲ್ಲ.

ಸೆಲ್ಫ್ ಡ್ರೈವ್ ಎಲ್ಲರಿಗೂ ದಂಡ ಎನ್ನುವುದಿಲ್ಲ. ನಾಲ್ಕು ಮಂದಿ ಇದ್ದು, ಲಕ್ಕುಂಡಿ, ಸೂಡಿ, ಬಾದಾಮಿ, ಪಟ್ಟದಕಲ್ಲು ಎಂದು ದಿನವಿಡೀ ಗಾಲಿ ಉರುಳುವುದಾದರೆ ಕೊಟ್ಟ ಹಣ ಹುಟ್ಟುತ್ತದೆ. ಬುಕ್ ಮಾಡುವ ಮುಂಚೆ ಕಾರು ಎಷ್ಟು ತಾಸು ಓಡುತ್ತದೆ, ಎಷ್ಟು ತಾಸು ನಿಲ್ಲುತ್ತದೆ ಎಂದು ಚೀಟಿಯಲ್ಲಿ ಬರೆದು ನೋಡಿ. ನಕ್ಷೆಯಲ್ಲಿ ಬರೀ ‘ಇಟಗಿ’ ಎಂದು ಒತ್ತಬೇಡಿ, ‘ಇಟಗಿ ಭೀಮಾಂಬಿಕಾ ದೇವಸ್ಥಾನ’ ಎಂದು ಪೂರ್ತಿ ಬರೆಯಿರಿ.